ಕೀ ಇಟ್ಟು ಹೋಗು

ಲಾರಿ ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಲೆಕ್ಕ ಬರೆಯುವವನ ಮೇಜಿನ ಮೇಲೆ ಎರಡು ಪುಸ್ತಕ ಇರುತ್ತವೆ. ಒಂದು ಗಾಡಿಯದು: ಲೋಡು, ಡೀಸೆಲ್, ಟೋಲ್, ಬಾಡಿಗೆ. ಇನ್ನೊಂದು ಡ್ರೈವರುಗಳದು: ಕೊಟ್ಟ ಅಡ್ವಾನ್ಸು, ಬಾಟಾ, ಸಂಬಳ, ಸಂಬಳದಲ್ಲಿ ಮುರಿದುಕೊಂಡಿದ್ದು. ಬೆಂಗಳೂರಿನ ಅಂಥ ಒಂದು ಆಫೀಸಿನಲ್ಲಿ ನಾನು ಒಂಬತ್ತು ವರ್ಷ ಎರಡನ್ನೂ ಬರೆದಿದ್ದೇನೆ. ಹಳಬರ ಲೆಕ್ಕ ಪುಟಗಟ್ಟಲೆ ಸಾಗುತ್ತಿತ್ತು. ಹೊಸ ಹುಡುಗರದು ಅರ್ಧ ಪುಟಕ್ಕೆ ಮುಗಿಯುತ್ತಿತ್ತು. ಮೂರು ತಿಂಗಳೋ ನಾಲ್ಕು ತಿಂಗಳೋ ಕಳೆದ ಮೇಲೆ ‘ಎಡ ಮಿರರ್’, ‘ಬಂಪರ್’, ‘ಗೋಡೌನ್ ಗೇಟು’ ಎಂದು ಒಂದು ಸಾಲು, ಅದರ ಎದುರಿಗೆ ಮೊತ್ತ, ಕೆಳಗೆ ನನ್ನದೇ ಕೈಬರಹದಲ್ಲಿ ‘ಲೆಕ್ಕ ಚುಕ್ತಾ’. ಆ ಎರಡು ಪದ ಬರೆದದ್ದು ಎಷ್ಟು ಸಲವೋ! ಅದರಲ್ಲಿ ಬಹುಪಾಲು ತಪ್ಪು ಎಂದು ಈಗ ನನಗೆ ಖಚಿತವಾಗಿದೆ. ಹುಡುಗರಿಗೆ ಅನ್ಯಾಯವಾಯಿತು ಎಂಬುದು ಒಂದು ಮಾತು. ಆದರೆ ಮಾಲೀಕರಿಗೂ, ರಸ್ತೆಯಲ್ಲಿ ಆ ಲಾರಿಗಳ ಪಕ್ಕದಲ್ಲಿ ಓಡಾಡುವ ನಮ್ಮೆಲ್ಲರಿಗೂ ಅದರಿಂದ ನಷ್ಟವೇ ಆಯಿತು ಎಂಬುದು ನಾನಿಲ್ಲಿ ಹೇಳಬೇಕೆಂದಿರುವ ಮಾತು.

ಒಂದು ರಾತ್ರಿಯ ವಿಷಯ ಹೇಳುತ್ತೇನೆ. ನೆಲಮಂಗಲದಿಂದ ಆಚೆಗೆ ತುಮಕೂರು ರಸ್ತೆಯುದ್ದಕ್ಕೂ ಈಗ ಗೋಡೌನುಗಳ ಸಾಲು. ಅಲ್ಲೊಂದು ಕಡೆ ಬಿಲ್ಲಿನ ತಕರಾರು ಬಗೆಹರಿಸಲು ನಾನೂ ಹೋಗಿದ್ದೆ. ರಾತ್ರಿ ಎರಡು ಗಂಟೆ. ನಮ್ಮ ಹತ್ತು ಚಕ್ರದ ಗಾಡಿ ಅನ್‌ಲೋಡಿಗೆ ಹಿಂದಕ್ಕೆ ಹೋಗಬೇಕಿತ್ತು. ಓಡಿಸುತ್ತಿದ್ದವನು ಶಿರಾ ಕಡೆಯ ಇಪ್ಪತ್ಮೂರರ ಹುಡುಗ, ಹೆವಿ ಲೈಸೆನ್ಸು ಬಂದು ಆರು ತಿಂಗಳೂ ಆಗಿರಲಿಲ್ಲ. ಜೊತೆಗೆ ಕ್ಲೀನರ್ ಇಲ್ಲ. ಸೆಕ್ಯೂರಿಟಿಯವನು ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ಮೊಬೈಲು ಹಿಡಿದು ‘ಬರ್ಲಿ, ಬರ್ಲಿ’ ಎನ್ನುತ್ತಿದ್ದ. ಹುಡುಗ ಬಲಗಡೆಯ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ಹಿಂದಿನ ಚಕ್ರ ನೋಡುತ್ತಿದ್ದ. ಬಲಗಡೆ ಎಲ್ಲ ಸರಿಯಾಗಿಯೇ ಇತ್ತು. ಎಡಗಡೆ ಗೇಟಿನ ಕಂಬಕ್ಕೆ ಮಿರರಿನ ಕಡ್ಡಿ ತಾಗಿ ಲಟಕ್ಕೆಂದು ಮುರಿಯಿತು. ಬಾಡಿಯ ಮೂಲೆ ಕಂಬದ ಸಿಮೆಂಟು ಕಿತ್ತಿತು. ಆಮೇಲೆ ಸೆಕ್ಯೂರಿಟಿಯವನು ‘ಹೋಲ್ಡಾನ್’ ಅಂದ.

ಹುಡುಗ ಇಳಿದು ಬಂದು ಒಡೆದ ಕನ್ನಡಿಯ ಚೂರುಗಳನ್ನು ಒಂದೊಂದಾಗಿ ಆರಿಸಿ ಅಂಗೈಯಲ್ಲಿ ಇಟ್ಟುಕೊಂಡ. ಜೋಡಿಸಿದರೆ ಕೂಡುತ್ತವೆಯೇನೋ ಎನ್ನುವ ಹಾಗೆ. ‘ಅಣ್ಣಾ, ಓನರ್‌ಗೆ ಹೇಳ್ಬೇಡಿ, ಬೆಳಿಗ್ಗೆ ನಾನೇ ಹೊಸದು ಹಾಕಿಸ್ತೀನಿ’ ಅಂದ. ಗೋಡೌನಿನವರು ಅಷ್ಟರಲ್ಲಿ ಫೋನು ಮಾಡಿಯಾಗಿತ್ತು. ಮಾಲೀಕರು ನನಗೇ ಫೋನು ಮಾಡಿ, ‘ಅನ್‌ಲೋಡ್ ಆದ ಮೇಲೆ ಗಾಡಿ ಆಫೀಸಿಗೆ ತಂದು, ಕೀ ಇಟ್ಟು ಹೋಗು ಅಂತ ಹೇಳಪ್ಪ’ ಅಂದರು. ನಾನು ಹೇಳಿದೆ. ಅವನು ಮರುಮಾತಾಡಲಿಲ್ಲ.

ಈ ಸಂಗತಿಯಲ್ಲಿ ತಪ್ಪು ಯಾರದು? ಹಿಂದಕ್ಕೆ ಹೋಗುವುದನ್ನು ಸ್ಟಿಯರಿಂಗ್ ಮುಂದೆ ಕೂತು ನೋಡದವರಿಗೆ ಇದು ಬರೀ ಅಜಾಗರೂಕತೆ ಅನ್ನಿಸುತ್ತದೆ. ನಿಯಮದ ಪ್ರಕಾರ ಲಾರಿ 2.6 ಮೀಟರ್‌ವರೆಗೆ ಅಗಲ ಇರಬಹುದು. ಹಳೆಯ ಗೋಡೌನುಗಳ ಎಷ್ಟೋ ಗೇಟುಗಳಲ್ಲಿ ಅದರ ಎರಡೂ ಪಕ್ಕ ಒಂದೊಂದು ಗೇಣು ಉಳಿದರೆ ಹೆಚ್ಚು. ನಮ್ಮಲ್ಲಿ ಸ್ಟಿಯರಿಂಗ್ ಬಲಕ್ಕಿರುವುದರಿಂದ ಎಡಗಡೆಯದೆಲ್ಲ ಕನ್ನಡಿ ತೋರಿಸಿದಷ್ಟೇ. ಕ್ಯಾಬಿನ್ ಎತ್ತರದಲ್ಲಿರುವುದರಿಂದ ಎಡ ಬಾಗಿಲ ಬುಡದಲ್ಲಿ ನಿಂತವನ ತಲೆಯೂ ಕಾಣುವುದಿಲ್ಲ. ತಿರುವಿನಲ್ಲಿ ಹಿಂದಿನ ಚಕ್ರಗಳು ಮುಂದಿನವು ಹೋದ ದಾರಿಯಲ್ಲಿ ಬರುವುದಿಲ್ಲ, ಒಳಕ್ಕೆ ಕೊಯ್ದುಕೊಂಡು ಬರುತ್ತವೆ. ಹಿಂದಿನ ಆಕ್ಸಲ್‌ನಿಂದ ಆಚೆಗೆ ಚಾಚಿಕೊಂಡ ಬಾಡಿಯ ಬಾಲ ಅದಕ್ಕೆ ವಿರುದ್ಧ ದಿಕ್ಕಿಗೆ ಬೀಸುತ್ತದೆ. ಲೋಡು ಇದ್ದಾಗ ಒಂದು ನಡೆ, ಖಾಲಿ ಇದ್ದಾಗ ಇನ್ನೊಂದು. ಇದನ್ನು ಹೇಳಿಕೊಟ್ಟರೆ ತಲೆಗೆ ಹೋಗುತ್ತದೆ, ಕೈಗೆ ಬರುವುದಿಲ್ಲ. ಕೈಗೆ ಬರಬೇಕಾದರೆ ನೂರಾರು ಸಲ ಹಿಂದಕ್ಕೆ ಹೋಗಬೇಕು, ಅದರಲ್ಲಿ ಕೆಲವು ಸಲ ತಾಗಬೇಕು. ಇವತ್ತು ಐವತ್ತು ದಾಟಿದ ಯಾವ ಡ್ರೈವರನ್ನೇ ಕೇಳಿ, ಮೊದಲ ವರ್ಷ ಏನನ್ನೂ ತಾಗಿಸಿಲ್ಲ ಎನ್ನುವವರು ನನಗಂತೂ ಸಿಕ್ಕಿಲ್ಲ.

ಹಿಂದೆ ಈ ತಾಗಿಸುವಿಕೆಗೆ ಒಂದು ಮರೆ ಇತ್ತು. ಹುಡುಗ ಮೊದಲು ಕ್ಲೀನರ್ ಆಗಿ ಸೇರುತ್ತಿದ್ದ. ಗಾಡಿ ತೊಳೆದು, ಟಾರ್ಪಾಲು ಹೊದಿಸಿ, ಹಗ್ಗ ಬಿಗಿದು, ಸ್ಟೆಪ್ನಿ ಬದಲಿಸಿ, ಅಡುಗೆ ಮಾಡಿ, ಬೈಗುಳ ತಿಂದು ನಾಲ್ಕೈದು ವರ್ಷ ಕಳೆಯುತ್ತಿದ್ದ. ಎಡಗಡೆಯ ಕಣ್ಣು ಅವನೇ. ಗಾಡಿಯ ಬಾಡಿ ಮೇಲೆ ಕೈಯಲ್ಲಿ ಎರಡು ಸಲ ಬಡಿದರೆ ಹೋಗು, ಒಂದೇ ಸಲ ಜೋರಾಗಿ ಬಡಿದರೆ ನಿಲ್ಲಿಸು. ಯಾರ್ಡಿನಲ್ಲಿ ಖಾಲಿ ಗಾಡಿಯನ್ನು ಆಚೀಚೆ ಮಾಡುತ್ತ, ಪಕ್ಕದಲ್ಲಿ ಗುರು ಕೂತಿರುವಾಗ ತಾಗಿಸಿ, ಗುರುವಿನ ಕೈಯಿಂದ ಏಟು ತಿಂದು ಕಲಿಯುತ್ತಿದ್ದ. ಆ ಪದ್ಧತಿಯಲ್ಲಿ ಹೊಡೆತ ಇತ್ತು, ಶೋಷಣೆ ಇತ್ತು, ಓದಬೇಕಾದ ವಯಸ್ಸಿನ ಹುಡುಗರು ಲಾರಿಯಡಿ ಮಲಗುತ್ತಿದ್ದರು. ಅದು ಮತ್ತೆ ಬರಲಿ ಎನ್ನುವ ಆಸೆ ನನಗಿಲ್ಲ. ಆದರೆ ಅಲ್ಲಿ ಕಲಿಯುವವನ ತಪ್ಪಿಗೆ ಹೊಣೆ ಹೊರುವವನು ಒಬ್ಬ ಪಕ್ಕದಲ್ಲಿದ್ದ. ಈಗ ಸಂಬಳ, ಬಾಟಾ ಉಳಿಸಲು ಮಾಲೀಕರು ಕ್ಲೀನರನ್ನು ಬಿಟ್ಟಿದ್ದಾರೆ. ಪವರ್ ಸ್ಟಿಯರಿಂಗ್ ಬಂದಿದೆ, ದಾರಿಯಲ್ಲಿ ಕೆಟ್ಟು ನಿಲ್ಲುವುದು ಕಡಿಮೆಯಾಗಿದೆ, ಕ್ಲೀನರ್ ಕೆಲಸಕ್ಕೆ ಹುಡುಗರೂ ಬರುವುದಿಲ್ಲ. ಹೊಸ ಡ್ರೈವರ್ ಡ್ರೈವಿಂಗ್ ಸ್ಕೂಲಿನಿಂದ ಬಂದು ಒಂಟಿಯಾಗಿ ಗಾಡಿ ಹತ್ತುತ್ತಾನೆ. ಗುರು ಹೋದ, ಎಡಗಡೆಯ ಕಣ್ಣೂ ಹೋಯಿತು. ಮೊದಲ ದಿನದಿಂದಲೇ ಇಪ್ಪತ್ತು ವರ್ಷದ ಕೈಚಳಕ ಬೇಕೆನ್ನುವ ನಿರೀಕ್ಷೆ ಮಾತ್ರ ಉಳಿಯಿತು.

ಮಾಲೀಕರ ಕಡೆಯ ಮಾತನ್ನೂ ಹೇಳಲೇಬೇಕು. ನಮ್ಮ ದೇಶದ ಲಾರಿ ಮಾಲೀಕರಲ್ಲಿ ಬಹುಪಾಲು ದೊಡ್ಡ ಕುಳಗಳಲ್ಲ, ಐದಕ್ಕಿಂತ ಕಡಿಮೆ ಗಾಡಿ ಇರುವವರು. ಎಷ್ಟೋ ಜನ ತಾವೇ ಡ್ರೈವರಾಗಿದ್ದು ಸಾಲ ಮಾಡಿ ಗಾಡಿ ಕೊಂಡವರು. ತಿಂಗಳ ಕಂತು ತಪ್ಪಿದರೆ ಫೈನಾನ್ಸಿನವರು ಗಾಡಿ ಎಳೆದೊಯ್ಯುತ್ತಾರೆ. ಗ್ಯಾರೇಜಿನಲ್ಲಿ ಎರಡು ದಿನ ನಿಂತರೆ ಎರಡು ದಿನದ ದುಡಿಮೆ ಹೋಯಿತು. ಇನ್ಶೂರೆನ್ಸ್ ಇದೆಯಲ್ಲ ಎಂದು ಹೊರಗಿನವರು ಕೇಳುತ್ತಾರೆ. ಸರಕು ವಾಹನದ ಸಾಮಾನ್ಯ ಪಾಲಿಸಿಯಲ್ಲಿ ಬಂಪರ್, ಮಡ್‌ಗಾರ್ಡ್, ಲೈಟು, ಟೈರು, ಬಾನೆಟ್ಟಿನ ಪಕ್ಕದ ಭಾಗ, ಪೇಂಟು ಇವು ಯಾವುವೂ ಸೇರುವುದಿಲ್ಲ. ಗಾಡಿ ಪೂರ್ತಿ ಹೋದರೆ ಮಾತ್ರ ಅವುಗಳಿಗೆ ಬೆಲೆ. ಹೆಚ್ಚಿನ ಪ್ರೀಮಿಯಂ ಕಟ್ಟಿ ಐಎಂಟಿ 23 ಎಂಬ ಷರತ್ತನ್ನು ಸೇರಿಸಿಕೊಂಡವರಿಗಷ್ಟೇ ಒಂದು ಪಾಲು ಸಿಗುತ್ತದೆ. ಹೊಸ ಡ್ರೈವರು ಹೆಚ್ಚಾಗಿ ಮುರಿಯುವುದು ಪಾಲಿಸಿ ಬಿಟ್ಟಿರುವ ಈ ಪಟ್ಟಿಯ ಸಾಮಾನುಗಳನ್ನೇ! ಕ್ಲೇಮ್ ಮಾಡಿದರೂ ನೋ ಕ್ಲೇಮ್ ಬೋನಸ್ ಹೋಗುತ್ತದೆ. ಸತತವಾಗಿ ಐದು ವರ್ಷ ಕ್ಲೇಮ್ ಇಲ್ಲದಿದ್ದರೆ ಸ್ವಂತ ಹಾನಿಯ ಪ್ರೀಮಿಯಂನಲ್ಲಿ ಶೇಕಡಾ 50ರವರೆಗೆ ಸಿಗುವ ರಿಯಾಯಿತಿ ಅದು. ಹಾಗಾಗಿ ಮಾಲೀಕ ಕೈಯಿಂದಲೇ ಹಾಕಿ ರಿಪೇರಿ ಮಾಡಿಸುತ್ತಾನೆ, ಆ ಸಿಟ್ಟು ಹುಡುಗನ ಮೇಲೆ ತಿರುಗುತ್ತದೆ. ಅವನ ಸಂಕಟ ನಿಜ.

ಆದರೆ ಆ ಸಂಕಟಕ್ಕೆ ಅವನು ಮಾಡುವ ಮದ್ದು ಅವನನ್ನೇ ತಿನ್ನುತ್ತದೆ. ಆ ಹುಡುಗ ಗೇಟಿನ ಕಂಬದಿಂದ ಏನು ಕಲಿತನೋ ಅದರ ಖರ್ಚಿನಲ್ಲಿ ಅವನ ಸಂಬಳದಿಂದ ಮುರಿದದ್ದು ಬಿಟ್ಟು ಉಳಿದದ್ದನ್ನು ಕೊಟ್ಟವರು ನಮ್ಮ ಮಾಲೀಕರು. ಎಡ ಮಿರರು, ಬಾಡಿ ಟಿಂಕರಿಂಗ್, ಗೋಡೌನಿನವರಿಗೆ ಸಿಮೆಂಟಿನ ದುಡ್ಡು, ಎಲ್ಲ ಸೇರಿ ಅದು ಅವನ ತರಬೇತಿಯ ಫೀಸು. ಫೀಸು ಕಟ್ಟಿ, ಕಲಿತ ಹುಡುಗನನ್ನು ಮರುದಿನವೇ ಇನ್ನೊಬ್ಬ ಮಾಲೀಕನಿಗೆ ಬಿಟ್ಟುಕೊಟ್ಟ ಹಾಗಾಯಿತು. ಅವನ ಜಾಗಕ್ಕೆ ಬಂದವನು ಇನ್ನೂ ಹೊಸಬ, ಅದೇ ಗೇಟಿಗೆ ಹೋಗುವವನು. ನನ್ನ ಪುಸ್ತಕದಲ್ಲಿ ಒಂದೇ ಗಾಡಿಗೆ ಒಂದೂವರೆ ವರ್ಷದಲ್ಲಿ ನಾಲ್ಕು ಎಡ ಮಿರರು ಬರೆದಿದ್ದೇನೆ, ನಾಲ್ಕೂ ಬೇರೆ ಬೇರೆ ಡ್ರೈವರುಗಳ ಹೆಸರಿನಲ್ಲಿ. ಒಬ್ಬನನ್ನೇ ಉಳಿಸಿಕೊಂಡಿದ್ದರೆ ನಾಲ್ಕು ಒಡೆಯುತ್ತಿದ್ದವೇ? ಕೇಂದ್ರ ಸಾರಿಗೆ ಸಚಿವ ನಿತಿನ್ ಗಡ್ಕರಿಯವರೇ ದೇಶದಲ್ಲಿ 22 ಲಕ್ಷ ಚಾಲಕರ ಕೊರತೆ ಇದೆ ಎಂದಿದ್ದಾರೆ. ಡ್ರೈವರು ಸಿಗದೆ ಗಾಡಿಗಳು ಯಾರ್ಡಿನಲ್ಲಿ ನಿಂತಿರುವಾಗ, ಸಿಕ್ಕವನನ್ನು ಒಂದು ಕನ್ನಡಿಗಾಗಿ ಕಳಿಸಿಬಿಡುವುದು ಯಾವ ವ್ಯಾಪಾರದ ಲೆಕ್ಕಕ್ಕೂ ಕೂಡುವುದಿಲ್ಲ.

ಇದಕ್ಕಿಂತ ಭಾರವಾದದ್ದು ಮುಚ್ಚಿಡುವ ಅಭ್ಯಾಸ. ಒಬ್ಬನಿಗೆ ಕೀ ಇಟ್ಟು ಹೋಗು ಅಂದರೆ ಉಳಿದ ಹತ್ತು ಜನಕ್ಕೆ ತಲುಪುವ ಸುದ್ದಿ ‘ಹುಷಾರಾಗಿ ಓಡಿಸಿ’ ಎಂದಲ್ಲ, ‘ತಾಗಿದರೆ ಹೇಳಬೇಡಿ’ ಎಂದು. ನಮ್ಮಲ್ಲೇ ಇನ್ನೊಬ್ಬ ಹುಡುಗ ಹಾಸನದ ಬೈಪಾಸಿನಲ್ಲಿ ಯು ಟರ್ನ್ ಮಾಡುವಾಗ ಹಿಂದಿನ ಚಕ್ರವನ್ನು ಡಿವೈಡರಿನ ಅಂಚಿಗೆ ಉಜ್ಜಿಸಿದ್ದ. ಟೈರಿನ ಪಕ್ಕ ಒಳಗಿನ ದಾರ ಕಾಣುವಷ್ಟು ಕೊಯ್ದಿತ್ತು. ಕೆಲಸ ಹೋದೀತೆಂಬ ಹೆದರಿಕೆಯಲ್ಲಿ ಆ ಟೈರನ್ನು ಬಿಚ್ಚಿ ಜೋಡಿ ಚಕ್ರದ ಒಳಗಡೆಗೆ ಹಾಕಿ, ಒಳಗಿನದನ್ನು ಹೊರಗೆ ತಂದ. ನೋಡುವವರಿಗೆ ಎಲ್ಲ ಸರಿಯಾಗಿತ್ತು. ಮುಂದಿನ ಟ್ರಿಪ್ಪಿನಲ್ಲಿ ಫುಲ್ ಲೋಡಿನೊಂದಿಗೆ ಶಿರಾಡಿ ಘಾಟಿ ಇಳಿಯುವಾಗ ಅದು ಸಿಡಿಯಿತು. ಗಾಡಿ ಗುಡ್ಡದ ಕಡೆಯ ಚರಂಡಿಗೆ ವಾಲಿ ನಿಂತದ್ದರಿಂದ ಅವನೂ ಉಳಿದ, ಎದುರಿಗೆ ಬರುತ್ತಿದ್ದ ಬಸ್ಸೂ ಉಳಿಯಿತು. ಇನ್ನೊಂದು ಕಡೆ ವಾಲಿದ್ದರೆ ಕಂದಕ. ಡಿವೈಡರಿಗೆ ಉಜ್ಜಿದ ದಿನವೇ ಫೋನು ಮಾಡಿದ್ದರೆ ಹೋಗುತ್ತಿದ್ದದ್ದು ಒಂದು ಟೈರಿನ ದುಡ್ಡು. ಅವನು ಫೋನು ಮಾಡಲಾರದ ಹಾಗೆ ಮಾಡಿದವರು ನಾವು. ನನ್ನ ‘ಲೆಕ್ಕ ಚುಕ್ತಾ’ಗಳನ್ನು ಅವನೂ ನೋಡಿದ್ದ.

ವಿಮಾನಯಾನದವರು ಈ ಪಾಠವನ್ನು ಬಹಳ ದುಬಾರಿ ಬೆಲೆಗೆ ಕಲಿತರು. 1974ರ ಡಿಸೆಂಬರ್ 1ರಂದು ಅಮೆರಿಕದ ವಾಷಿಂಗ್ಟನ್ ಹತ್ತಿರ ಟಿಡಬ್ಲ್ಯುಎ ಸಂಸ್ಥೆಯ ವಿಮಾನ ಗುಡ್ಡಕ್ಕೆ ಬಡಿದು 92 ಜನ ಸತ್ತರು. ಅದಕ್ಕೆ ಆರು ವಾರ ಮೊದಲು ಬೇರೆ ಸಂಸ್ಥೆಯ ವಿಮಾನವೊಂದು ಅಂಥದೇ ಸನ್ನಿವೇಶಕ್ಕೆ ಸಿಕ್ಕಿ ಅದೇ ಗುಡ್ಡದಿಂದ ಕೂದಲೆಳೆಯಲ್ಲಿ ತಪ್ಪಿಸಿಕೊಂಡಿತ್ತು. ಆ ಸಂಗತಿ ಆ ಸಂಸ್ಥೆಯ ಆಚೆಗೆ ಹೋಗಲಿಲ್ಲ. ಇದಾದ ಮೇಲೆ, 1976ರಲ್ಲಿ, ತಪ್ಪು ಹೇಳಿಕೊಳ್ಳುವ ಒಂದು ವ್ಯವಸ್ಥೆ ಅಲ್ಲಿ ಶುರುವಾಯಿತು. ಬೇಕೆಂದು ಮಾಡದ ತಪ್ಪನ್ನು ಹತ್ತು ದಿನದೊಳಗೆ ಬರೆದು ಕಳಿಸಿದ ಪೈಲಟ್‌ಗೆ ಸಾಮಾನ್ಯವಾಗಿ ದಂಡವಿಲ್ಲ, ಲೈಸೆನ್ಸ್ ಅಮಾನತಿಲ್ಲ. ವರದಿ ನೋಡುವುದು ದಂಡ ಹಾಕುವ ಇಲಾಖೆಯಲ್ಲ, ನಾಸಾ. ಹೇಳಿದವನನ್ನು ಕಾಪಾಡಿದರೆ ಮಾತ್ರ ಜನ ಹೇಳುತ್ತಾರೆ ಎಂಬ ಸಾದಾ ತಿಳಿವಳಿಕೆ ಅದರ ಹಿಂದಿತ್ತು.

ನಮ್ಮ ಕಾನೂನಿಗೂ ಈ ತಿಳಿವಳಿಕೆ ಇಲ್ಲವೆನ್ನಲಾಗದು. ಭಾರತೀಯ ನ್ಯಾಯ ಸಂಹಿತೆಯ 106(2)ನೇ ಕಲಂ ನೋಡಿ. ಅಜಾಗರೂಕ ಚಾಲನೆಯಿಂದ ಸಾವು ಸಂಭವಿಸಿದಾಗ ತಿಳಿಸದೆ ಓಡಿಹೋದವನಿಗೆ ಹತ್ತು ವರ್ಷದವರೆಗೆ ಸಜೆ ಎನ್ನುವ ಆ ಕಲಂ ವಿರುದ್ಧ 2024ರ ಜನವರಿಯಲ್ಲಿ ಡ್ರೈವರುಗಳು ಗಾಡಿ ನಿಲ್ಲಿಸಿದರು. ಆ ವರ್ಷ ಜುಲೈ 1ಕ್ಕೆ ಸಂಹಿತೆ ಜಾರಿಗೆ ಬಂದಾಗ ಈ ಒಂದು ಉಪಕಲಂ ಅನ್ನು ತಡೆಹಿಡಿಯಲಾಯಿತು. ನಿಂತರೆ ಜನ ಹೊಡೆದು ಸಾಯಿಸುತ್ತಾರೆ ಎಂಬ ಡ್ರೈವರುಗಳ ಭಯ ಸುಳ್ಳಲ್ಲ. ಆದರೆ ಆ ಕಲಂ ಒಳಗಿರುವ ವಿಚಾರ ಒಂದು ನಮಗೆ ಬೇಕಾದದ್ದು: ತಿಳಿಸಿದವನನ್ನೂ ಓಡಿಹೋದವನನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಸಾವಿನ ಪ್ರಕರಣದಲ್ಲಿ ಸರ್ಕಾರ ಮಾಡಹೊರಟ ಈ ಭೇದವನ್ನು ಒಡೆದ ಕನ್ನಡಿಯ ವಿಷಯದಲ್ಲಿ ನಾವು ಮಾಡುವುದಿಲ್ಲ. ತಿಳಿಸಿದವನಿಗೇ ನಮ್ಮಲ್ಲಿ ದಂಡ.

ಇಲ್ಲಿ ಒಂದು ಗಟ್ಟಿಯಾದ ಆಕ್ಷೇಪ ಬರುತ್ತದೆ. ‘ಇವತ್ತು ಕಂಬಕ್ಕೆ ತಾಗಿಸಿದವನು ನಾಳೆ ಮನುಷ್ಯರಿಗೆ ತಾಗಿಸುತ್ತಾನೆ. ಆಗ ನೀವು ಬರುತ್ತೀರಾ?’ ಎಂದು ನಮ್ಮ ಮಾಲೀಕರೇ ಕೇಳಿದ್ದರು. ಉಡಾಫೆಯ ಪ್ರಶ್ನೆಯಲ್ಲ ಇದು. ಕೈಗಾರಿಕಾ ಸುರಕ್ಷತೆಯ ಪಾಠದಲ್ಲಿ 1931ರಿಂದಲೂ ಹೆರ್ಬರ್ಟ್ ಹೈನ್ರಿಚ್ ಹೇಳಿದ ಒಂದು ಲೆಕ್ಕ ಚಾಲ್ತಿಯಲ್ಲಿದೆ: ಒಂದು ದೊಡ್ಡ ಗಾಯದ ಹಿಂದೆ 29 ಸಣ್ಣ ಗಾಯ, ಗಾಯವೇ ಆಗದ 300 ಅವಘಡ. ಆ ಅಂಕಿಗಳನ್ನು ಮುಂದಿನವರು ಬಹಳ ಪ್ರಶ್ನಿಸಿದ್ದಾರೆ, ಅದನ್ನು ಎಲ್ಲ ಕಡೆಗೂ ಅನ್ವಯಿಸಲಾಗದು. ಆದರೂ ಸಣ್ಣದು ದೊಡ್ಡದರ ಮುನ್ಸೂಚನೆ ಎನ್ನುವುದನ್ನು ಒಪ್ಪಿಕೊಳ್ಳೋಣ. ಒಪ್ಪಿದ ಮೇಲೆ ಮಾಡಬೇಕಾದದ್ದು ಆ ಮುನ್ಸೂಚನೆಗಳೆಲ್ಲ ನಮ್ಮ ಕಿವಿಗೆ ಬೀಳುವ ಹಾಗೆ ನೋಡಿಕೊಳ್ಳುವುದು ತಾನೇ? ಕೆಲಸ ಕಿತ್ತುಕೊಂಡರೆ ಮೊದಲು ನಿಲ್ಲುವುದು ಸುದ್ದಿ. ಅವಘಡ ಹಾಗೇ ಮುಂದುವರಿಯುತ್ತದೆ.

ಎಲ್ಲ ಸಣ್ಣ ಅಪಘಾತವೂ ಒಂದೇ ಜಾತಿಯದಲ್ಲ ಎನ್ನುವುದು ಇದಕ್ಕಿಂತ ಮುಖ್ಯ. ಮಾಲೀಕರು ಅಳೆಯುವುದು ರಿಪೇರಿಯ ಬಿಲ್ಲಿನಿಂದ. ಅಳೆಯಬೇಕಾದದ್ದು ಕಾರಣದಿಂದ. ನಡಿಗೆಯ ವೇಗದಲ್ಲಿ ಹಿಂದಕ್ಕೆ ಹೋಗುವಾಗ ತಾಗಿದ್ದು ಕೈ ಪಳಗದ್ದರ ಲಕ್ಷಣ, ಪಳಗಿದರೆ ಹೋಗುತ್ತದೆ. ಹೆದ್ದಾರಿಯಲ್ಲಿ ಮೊಬೈಲು ನೋಡುತ್ತ ಮುಂದಿನ ಗಾಡಿಯ ಬಂಪರಿಗೆ ಮೆಲ್ಲಗೆ ತಾಗಿಸಿದವನದು ಹಾಗಲ್ಲ. ಅವನ ಬಿಲ್ಲು ಐನೂರು ರೂಪಾಯಿ ಆಗಿರಬಹುದು, ಆದರೂ ಅವನು ಅಪಾಯ. ಕುಡಿದು ಓಡಿಸುವವನು, ತೂಕಡಿಸುತ್ತ ಓಡಿಸುವವನು, ಇಳಿಜಾರಿನಲ್ಲಿ ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡುವವನು, ಇವರ ಗಾಡಿಗೆ ಒಂದು ಗೀರೂ ಬಿದ್ದಿರದಿದ್ದರೂ ಇವರನ್ನು ಇಳಿಸಬೇಕು. ನಮ್ಮಲ್ಲಿ ಅಂಥವರು ವರ್ಷಗಟ್ಟಲೆ ಇದ್ದರು, ಟೈಮಿಗೆ ಲೋಡು ಮುಟ್ಟಿಸುತ್ತಾರೆ ಎಂಬ ಕಾರಣಕ್ಕೆ. ಗೇಟಿನ ಕಂಬಕ್ಕೆ ತಾಗಿಸಿದ ಹುಡುಗ ಹೋದ. ತೂಕಡಿಕೆಯ ವಿಷಯದಲ್ಲಂತೂ ಮಾಲೀಕನಿಗೂ ಪಾಲಿದೆ. ಐದು ಅಥವಾ ಹೆಚ್ಚು ಕಾರ್ಮಿಕರಿರುವ ಸಂಸ್ಥೆಗಳಲ್ಲಿ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎಂದು 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯೇ ಗೆರೆ ಎಳೆದಿತ್ತು. ಆ ಗೆರೆಯೊಳಗೆ ಓಡಿದ ಒಂದು ಟ್ರಿಪ್ಪನ್ನೂ ನಾನು ಬರೆದ ನೆನಪಿಲ್ಲ. ಆ ರಾತ್ರಿ ಎರಡು ಗಂಟೆಗೆ ಗೇಟಿನಲ್ಲಿದ್ದ ಹುಡುಗ ಸ್ಟಿಯರಿಂಗ್ ಹಿಡಿದದ್ದು ಹಿಂದಿನ ದಿನ ಬೆಳಿಗ್ಗೆ.

ಒಂದೇ ತಪ್ಪನ್ನು ಮೂರನೆಯ ಸಲವೂ ಮಾಡುವವನನ್ನು ಏನು ಮಾಡುವುದು? ಅವನನ್ನು ಸಣ್ಣ ಗಾಡಿಗೆ, ಗೊತ್ತಿರುವ ರೂಟಿಗೆ ಹಾಕಿ ನೋಡಬಹುದು. ಅಲ್ಲೂ ಆಗದಿದ್ದರೆ ಈ ಕೆಲಸ ನಿನಗಲ್ಲ ಎಂದು ಕೂರಿಸಿ ಹೇಳಬಹುದು. ಮೊದಲ ಸಲಕ್ಕೇ ಫೋನಿನಲ್ಲಿ ಹೇಳಿ ಮುಗಿಸಬಾರದು.

ಕೆಎಸ್‌ಆರ್‌ಟಿಸಿಯ ಡ್ರೈವರು ಬಸ್ಸು ತಾಗಿಸಿದರೆ ನೋಟೀಸು ಬರುತ್ತದೆ, ಉತ್ತರ ಕೊಡಬೇಕು, ವಿಚಾರಣೆ ಇರುತ್ತದೆ, ತಪ್ಪಿಗೆ ತಕ್ಕ ಶಿಕ್ಷೆ. ಐದು ವರ್ಷ ಅಪಘಾತವಿಲ್ಲದೆ ಓಡಿಸಿದರೆ ಬೆಳ್ಳಿ ಪದಕ, 15 ವರ್ಷಕ್ಕೆ ಚಿನ್ನದ ಪದಕ. ಪದಕದ ಆಸೆಗೂ ಗೀರು ಮುಚ್ಚಿಡುವವರು ಇರಬಹುದು, ಆ ಪದ್ಧತಿ ನಿರ್ದೋಷ ಎನ್ನಲಾರೆ. ಆದರೆ ಅಲ್ಲಿ ಡ್ರೈವರಿಗೆ ಒಂದು ಫೈಲು ಇದೆ, ಆ ಫೈಲಿನಲ್ಲಿ ಅವನ ಮಾತಿಗೂ ಜಾಗ ಇದೆ. ಖಾಸಗಿ ಲಾರಿಯ ಹುಡುಗನಿಗೆ ಇರುವುದು ನನ್ನ ಪುಸ್ತಕದ ಅರ್ಧ ಪುಟ. ವರ್ಷದಲ್ಲಿ 240 ದಿನ ಕೆಲಸ ಮಾಡಿದ ಮೇಲೆ ಸಿಗುವ ನೋಟೀಸು, ಪರಿಹಾರದ ರಕ್ಷಣೆ ಮೂರನೇ ತಿಂಗಳಿಗೇ ಹೊರಬಿದ್ದವನನ್ನು ಮುಟ್ಟುವುದಿಲ್ಲ. ಸಂಬಳದಲ್ಲಿ ಮುರಿದುಕೊಳ್ಳುವುದಕ್ಕಾದರೂ ಕಾನೂನು ಮಿತಿ ಹಾಕಿದೆ. 1936ರ ವೇತನ ಪಾವತಿ ಕಾಯ್ದೆಯಿಂದ ಅದರ ಜಾಗಕ್ಕೆ ಬಂದ 2019ರ ವೇತನ ಸಂಹಿತೆಯವರೆಗೆ ಹೇಳುವುದು ಇಷ್ಟೇ: ಕಾರ್ಮಿಕನ ನಿರ್ಲಕ್ಷ್ಯದಿಂದ ಆದ ನಷ್ಟಕ್ಕೆ ಮಾತ್ರ, ಆದ ನಷ್ಟಕ್ಕಿಂತ ಹೆಚ್ಚಲ್ಲದೆ, ಅವನ ವಿವರಣೆ ಕೇಳಿದ ಮೇಲೆ ಮುರಿದುಕೊಳ್ಳಬಹುದು. ಒಂಬತ್ತು ವರ್ಷದಲ್ಲಿ ವಿವರಣೆ ಕೇಳಿದ್ದನ್ನು ನಾನು ಒಮ್ಮೆಯೂ ನೋಡಲಿಲ್ಲ, ನಾನೂ ಕೇಳಲಿಲ್ಲ.

ಕರ್ನಾಟಕದಲ್ಲಿ ಈಗ ಮೋಟಾರು ಸಾರಿಗೆ ಕಾರ್ಮಿಕರ ಸಾಮಾಜಿಕ ಭದ್ರತೆಗೆಂದೇ 2024ರ ಕಾಯ್ದೆ ಬಂದಿದೆ. ಅದರ ಕಣ್ಣು ಇರುವುದು ದೊಡ್ಡ ಅಪಘಾತದ ಮೇಲೆ, ಸಾವು ಮತ್ತು ಅಂಗವೈಕಲ್ಯದ ಮೇಲೆ. ಒಳ್ಳೆಯದೇ. ಸಣ್ಣ ಅಪಘಾತದ ವಿಷಯವನ್ನು ಮಾಲೀಕರ ಸಂಘಗಳು ತಾವಾಗಿಯೇ ಬಗೆಹರಿಸಿಕೊಳ್ಳಬಹುದು, ಅದಕ್ಕೆ ಸರ್ಕಾರ ಬೇಕಿಲ್ಲ. ಹೊಸಬನನ್ನು ಸೇರಿಸಿಕೊಳ್ಳುವ ದಿನವೇ ಒಂದು ಹಾಳೆಯಲ್ಲಿ ಬರೆದುಕೊಟ್ಟರೆ ಸಾಕು. ಮೊದಲ ವರ್ಷ ನಿಧಾನವಾಗಿ ಹೋಗುವಾಗ ತಾಗಿದರೆ, ಒಂದು ಗಂಟೆಯೊಳಗೆ ಫೋಟೋ ಸಮೇತ ತಿಳಿಸಿದರೆ, ಕೆಲಸ ಹೋಗುವುದಿಲ್ಲ. ಮುಚ್ಚಿಟ್ಟರೆ ಹೋಗುತ್ತದೆ. ಮೊದಲ ಎರಡು ತಿಂಗಳು ಪಕ್ಕದಲ್ಲಿ ಒಬ್ಬ ಹಳಬ. ಮೂರು ಗಾಡಿ ಇರುವವನಿಗೆ ಇದು ಹೊರೆಯೆನಿಸಿದರೆ ನಾಲ್ಕೈದು ಮಾಲೀಕರು ಸೇರಿ ವಯಸ್ಸಾದ, ದೂರದ ಟ್ರಿಪ್ಪು ಬಿಟ್ಟ ಒಬ್ಬ ಡ್ರೈವರಿಗೆ ಸಂಬಳ ಕೊಟ್ಟು ಇಟ್ಟುಕೊಳ್ಳಲಿ. ಅಂಥವರು ಪ್ರತಿ ಊರಿನ ಟ್ರಕ್ ಟರ್ಮಿನಲ್ಲಿನ ಚಹಾ ಅಂಗಡಿಯ ಬೆಂಚಿನ ಮೇಲೆ ಕೂತಿದ್ದಾರೆ, ಕೇಳುವವರಿಲ್ಲದೆ.

ಗೋಡೌನಿನವರಿಗೂ ಒಂದು ಮಾತು. ಆ ಗೇಟಿನ ಕಂಬದ ಮೇಲೆ ನಮ್ಮ ಗಾಡಿಯದಲ್ಲದ ಗಾಯಗಳು ಎಷ್ಟೋ ಇದ್ದವು, ಬೇರೆ ಬೇರೆ ಎತ್ತರದಲ್ಲಿ, ಬೇರೆ ಬೇರೆ ಬಣ್ಣದಲ್ಲಿ. ಅಷ್ಟು ಜನ ತಾಗಿಸಿದ್ದಾರೆಂದರೆ ದೋಷ ಅಷ್ಟೂ ಡ್ರೈವರುಗಳದ್ದಿರಲಾರದು. ಒಂದು ದೀಪ, ಒಂದು ಬಿಳಿ ಗೆರೆ, ಸಿಗ್ನಲ್ ಕೊಡಲು ಕಲಿತ ಒಬ್ಬ ಮನುಷ್ಯ, ಇಷ್ಟು ಇಟ್ಟು ಆಮೇಲೆ ದೂರಿನ ಫೋನು ಮಾಡಿ.

ಶಿರಾದ ಆ ಹುಡುಗ ಆಮೇಲೆ ಎಲ್ಲಿ ಹೋದನೋ ನನಗೆ ತಿಳಿಯಲಿಲ್ಲ. ಅವನ ಹನ್ನೊಂದು ದಿನದ ಸಂಬಳ ಕನ್ನಡಿಗೆ ಮತ್ತು ಕಂಬಕ್ಕೆ ಮುರಿದುಹೋಗಿತ್ತು, ಕೈಗೆ ಏನೂ ಸಿಗಲಿಲ್ಲ. ಲಾರಿ ಇಟ್ಟುಕೊಂಡಿರುವ ಎಲ್ಲರನ್ನೂ ಕೇಳಿಕೊಳ್ಳುತ್ತೇನೆ. ಅಪರಾತ್ರಿಯಲ್ಲಿ ನಿಮ್ಮ ಹೊಸ ಹುಡುಗನ ಫೋನು ಬಂದು, ಅವನ ದನಿ ನಡುಗುತ್ತಿದ್ದರೆ, ‘ಯಾರಿಗಾದರೂ ಏಟಾಯಿತೇನಪ್ಪ’ ಎಂದು ಮೊದಲು ಕೇಳಿ. ಇಲ್ಲ ಅಂದರೆ ಗಾಡಿ ಪಕ್ಕಕ್ಕೆ ಹಾಕಿ ಮಲಗಿಕೋ ಅನ್ನಿ. ಬೆಳಿಗ್ಗೆ ಒಬ್ಬ ಹಳಬನನ್ನು ಜೊತೆ ಮಾಡಿ, ಅದೇ ಗೇಟಿನಲ್ಲಿ ಅದೇ ಗಾಡಿಯನ್ನು ಅವನ ಕೈಯಲ್ಲೇ ಇನ್ನೊಮ್ಮೆ ಹಿಂದಕ್ಕೆ ಹಾಕಿಸಿ.